ಗಡಿಯಾರದ ಚಾವಿ

ಬಸವಕಲ್ಯಾಣದಲ್ಲಿ ನಮ್ಮ ಸೇವೆಯಲ್ಲಿರುವ ಭಕ್ತರೊಬ್ಬರು, ಯಾರೋ ಬಳಸಿ ಮಾರಿದ ಎಚ್.ಎಂ.ಟಿ. ಕೈಗಡಿಯಾರವೊಂದನ್ನು ಕೊಂಡು ತಂದಿದ್ದರು. ನಾವು ಕೈಗೆತ್ತಿಕೊಂಡು ಚಾವಿ ಕೊಡಹೋದೆವು. ಬಿಗಿ ಬಂದ ಮೇಲೂ ತಿರುವಿದೆವು. ಚಾವಿಯ ಗುಂಡಿ ಮುರಿದು ಬೆರಳಿಗೇ ಬಂತು. "ಅಪ್ಪಾರ, ಅದು ಮೊದಲಿಂದನೇ ಸಡಿಲ ಇತ್ತರಿ" ಎಂದರು ಅವರು. ನಮ್ಮ ಮಾನ ಕಾಯಲು ಆಡಿದ ಮಾತು! ಅದರ ಮರೆಯಲ್ಲಿ ಎರಡು ದಿನ ಸುಮ್ಮನಿದ್ದೆವು. ಗುಂಡಿ ಮುರಿದುದಕ್ಕಿಂತ ಆ ಮೌನವೇ ನಮಗೆ ಇಂದಿಗೂ ನಾಚಿಕೆ.

ಮೂರನೆಯ ದಿನ ಅವರನ್ನು ಕರೆದುಕೊಂಡು ಹುಮನಾಬಾದಿಗೆ ಹೋದೆವು. "ಮುರಿದವರು ನಾವು" ಎಂದು ರಿಪೇರಿಯವರ ಮುಂದೆಯೇ ಹೇಳಿದೆವು. ಅಂಟು ಹಾಕಿದರೆ ಸಾಲದೇ ಎಂದೂ ಕೇಳಿದೆವು; ಅಂಟು ಒಳಗೆ ಹರಿದರೆ ಯಂತ್ರವೇ ಕೆಡುವುದಂತೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಸಣ್ಣ ಸ್ಕ್ರೂ ಒಂದನ್ನು ತುಸುವೇ ಸಡಿಲಿಸಿ, ಒಳಗುಳಿದ ಕಡ್ಡಿಯ ತುಂಡನ್ನು ಎಳೆದರು. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರದ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿತಷ್ಟೆ. ಹೀಗಾಗಿ, ಅದೇ ಜಾತಿಯ ಕೆಟ್ಟ ಗಡಿಯಾರದಿಂದ ಕಡ್ಡಿಯನ್ನೂ ಗುಂಡಿಯನ್ನೂ ತೆಗೆದರು. ಕಡ್ಡಿ ಉದ್ದವಾದರೆ ಗುಂಡಿ ಸರಿಯಾಗಿ ಕೂಡದೆ ಬೆವರು, ಧೂಳು ಒಳಸೇರುತ್ತವೆ. ಆದುದರಿಂದ ಅಳತೆ ನೋಡಿ ನೋಡಿ ಉಜ್ಜಿ ಕೂಡಿಸಿದರು.

"ಅಪ್ಪಾರ, ಈಗ ನೀವೇ ಚಾವಿ ಕೊಡ್ರಿ" ಎಂದು ಆ ಭಕ್ತರು ಗಡಿಯಾರವನ್ನು ಮತ್ತೆ ನಮ್ಮ ಕೈಗೇ ಇಟ್ಟರು. ಅಂಜುತ್ತಲೇ ತಿರುವಿದೆವು, ಬಿಗಿ ತಿಳಿದೊಡನೆ ಬಿಟ್ಟೆವು.