ಒಬ್ಬೊಬ್ಬರದು ಒಂದೊಂದು ರೀತಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಕಪ್ಪೆಯ ಒಂದೊಂದು ಅಂಗವನ್ನೂ ಬೋರ್ಡಿನ ಮೇಲೆ ಬರೆದು ಹೆಸರಿಸಿದ್ದೇನೆ. ಎದುರಿಗೆ ಕುಳಿತ ಹೆಣ್ಣುಮಕ್ಕಳಿಗೆ ಅವರದೇ ಮೈಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಆ ತಪ್ಪು ಅರಿವಾದದ್ದು ನಿವೃತ್ತಿಯಾದ ಮೇಲೆ, ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಾಗ. ಅವಳಿಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. "ನಿನ್ನ ಕೆಳಗಿನದು ಸರಿಯಿಲ್ಲ, ಮೊದಲ ರಾತ್ರಿ ರಕ್ತವೂ ಬರಲಿಲ್ಲ" ಎಂದು ಗಂಡ ದಿನವೂ ಹಂಗಿಸುತ್ತಿದ್ದ. ಅತ್ತೆ ಅದನ್ನೇ ಹಿಡಿದು, "ಇಂಥವಳನ್ನು ಇಟ್ಟುಕೊಳ್ಳಬೇಕಾದರೆ ತವರಿನಿಂದ ಇನ್ನೊಂದು ಲಕ್ಷ ತರಲಿ" ಎಂದಿದ್ದರು. ಹುಡುಗಿ ಕೇಳಿದ್ದು ಒಂದೇ ಮಾತು: "ಮೇಡಂ, ನಾನು ನಿಜವಾಗಿಯೂ ಸರಿಯಿಲ್ಲವೇ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಒಬ್ಬರ ಮುಖದಂತೆ ಇನ್ನೊಬ್ಬರ ಮುಖವಿಲ್ಲ. ಜನನಾಂಗವೂ ಹಾಗೆಯೇ. ಹೊರಗೆ ದಪ್ಪ ತುಟಿಗಳಂತೆ ಎರಡು ಮಡಿಕೆ, ನಡುವೆ ತೆಳುವಾದ ಎರಡು ಮಡಿಕೆ. ಈ ಒಳಮಡಿಕೆ ಕೆಲವರಲ್ಲಿ ಒಳಗೇ ಅಡಗಿರುತ್ತದೆ, ಹಲವರಲ್ಲಿ ಹೊರಗೆ ಚಾಚಿರುತ್ತದೆ. ಎಡ ಬಲ ಒಂದೇ ಅಳತೆ ಇರಬೇಕೆಂದಿಲ್ಲ. ಬಣ್ಣ ಮೈಬಣ್ಣಕ್ಕಿಂತ ಕಪ್ಪಾಗಿರುವುದು ಸಹಜ. ಹೆರಿಗೆಯ ನಂತರ, ಮುಟ್ಟು ನಿಂತ ನಂತರ ರೂಪ ಬದಲಾಗುವುದೂ ಸಹಜ. ಲಂಡನ್ನಿನ ವೈದ್ಯರು 50 ಹೆಂಗಸರನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ಒಳಮಡಿಕೆಯ ಅಗಲ ಒಬ್ಬಳಲ್ಲಿ 7 ಮಿಲಿಮೀಟರ್, ಇನ್ನೊಬ್ಬಳಲ್ಲಿ 50! ಇದರಲ್ಲಿ ಯಾವುದನ್ನು ಸರಿ, ಯಾವುದನ್ನು ತಪ್ಪು ಎನ್ನೋಣ?

ಇನ್ನು ಕನ್ಯಾಪೊರೆ. ಅದು ಬಾಗಿಲು ಮುಚ್ಚಿದ ಪರದೆ ಎಂದು ನಂಬಿಸಿದ್ದಾರೆ. ಪೂರ್ತಿ ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದೆಲ್ಲಿಂದ? ಅದು ಯೋನಿಯ ಬಾಯಿಯ ಅಂಚಿನಲ್ಲಿರುವ, ಹಿಗ್ಗುವ ತೆಳುಪೊರೆ. ಒಬ್ಬರಲ್ಲಿ ಬಳೆಯಂತೆ, ಇನ್ನೊಬ್ಬರಲ್ಲಿ ಅರ್ಧಚಂದ್ರದಂತೆ. ಎಷ್ಟೋ ಜನಕ್ಕೆ ಮೊದಲ ಸಲ ರಕ್ತ ಬರುವುದೇ ಇಲ್ಲ. ಅದನ್ನು ನೋಡಿ ಹೆಣ್ಣಿನ ನಡತೆ ಹೇಳುವುದು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಕನ್ಯತ್ವ ಪರೀಕ್ಷೆ ನಿಲ್ಲಬೇಕೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆ ಕೊಟ್ಟಿತು. ಅತ್ಯಾಚಾರಕ್ಕೆ ಒಳಗಾದವರಿಗೆ ಎರಡು ಬೆರಳಿನ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ತುರಿಕೆ, ಹುಣ್ಣು, ಗಂಟು, ವಾಸನೆಯ ಬಿಳಿಸೆರಗು, ಮುಟ್ಟು ನಿಂತ ಮೇಲೆ ರಕ್ತ — ಇವಿದ್ದರೆ ನಾಚದೆ ಡಾಕ್ಟರರ ಬಳಿ ಹೋಗಿ. ಆಕಾರಕ್ಕಾಗಿ ಕೊರಗಬೇಡಿ.

ಮೈಯನ್ನು ಹೀಗೆ ಹಂಗಿಸುವುದು 2005ರ ಕಾಯ್ದೆಯಂತೆ ಕೌಟುಂಬಿಕ ಹಿಂಸೆ. ಅದರ ನೆಪದಲ್ಲಿ ಹಣ ಕೇಳುವುದು ವರದಕ್ಷಿಣೆಯೇ. ನನ್ನ ವಿದ್ಯಾರ್ಥಿನಿ ತಾಯಿಯನ್ನು ಕರೆದುಕೊಂಡು ಹೋಗಿ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟಳು. ಆ ಲಕ್ಷ ರೂಪಾಯಿ ಅವರ ಕೈ ಸೇರಲಿಲ್ಲ.

ಇಂದು ಮನೆಗೆ ಹೋದ ಮೇಲೆ ಬೆಳೆದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟನ್ನು ಹೇಳಿ. ನಾನು ತಡಮಾಡಿದೆ, ನೀವು ಮಾಡಬೇಡಿ.