ತಂತಿಯಿಲ್ಲದ ಚಾರ್ಜರ್: ನಮ್ಮ ಮನೆಗೆ ಎಷ್ಟು ಉಪಯೋಗ?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)





ಇಂದು ನಾನು ಆರಿಸಿಕೊಂಡದ್ದು ದೊಡ್ಡ ವಿಷಯವಲ್ಲ. ಮಕ್ಕಳು ‘ಕೊಡಿಸಿರಿ’ ಎಂದು ಹಟ ಹಿಡಿಯುವ ಒಂದು ಸಣ್ಣ ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ವೈರ್‌ಲೆಸ್ ಚಾರ್ಜರ್. ಅಂಗೈಯಗಲದ ಒಂದು ಪ್ಯಾಡ್. ಅದರ ಮೇಲೆ ಮೊಬೈಲ್ ಇಟ್ಟರೆ ಸಾಕು, ಚಾರ್ಜ್ ಆಗತೊಡಗುತ್ತದೆ. ನೋಡಲು ಜಾದೂ ಇದ್ದಂತೆ ಇದೆ. ಆದರೆ ನಮ್ಮ ಮನೆಗೆ ಇದು ಬೇಕೆ? ಹಣ ಕೊಡುವ ಮೊದಲು ಈ ಪ್ರಶ್ನೆ ಕೇಳುವುದನ್ನು ಕಲಿಯಬೇಕು.

ಇದರಲ್ಲಿ ಜಾದೂ ಏನೂ ಇಲ್ಲ. ಪ್ಯಾಡಿನೊಳಗೆ ತಾಮ್ರದ ತಂತಿಯ ಒಂದು ಸುರುಳಿ ಇದೆ, ಮೊಬೈಲಿನ ಬೆನ್ನಿನೊಳಗೆ ಇನ್ನೊಂದು. ಮೊದಲನೆಯದರಲ್ಲಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರವು ಎರಡನೆಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ತತ್ವವನ್ನು 1831ರಲ್ಲಿ ತೋರಿಸಿಕೊಟ್ಟವರು ಮೈಕೇಲ್ ಫ್ಯಾರಡೆ. ವಿದ್ಯಾರ್ಥಿಗಳೇ, ಅವರು ಕಮ್ಮಾರನ ಮಗ. ಶಾಲೆ ಕಲಿತದ್ದು ಬಹಳ ಕಡಿಮೆ. 14ನೆಯ ವಯಸ್ಸಿಗೆ ಪುಸ್ತಕಗಳಿಗೆ ಬೈಂಡಿಂಗ್ ಹಾಕುವ ಕೆಲಸಕ್ಕೆ ಸೇರಿ, ಕೈಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದರು. ಗದಗ ಮುದ್ರಣಕ್ಕೆ ಹೆಸರಾದ ಊರು. ಇಲ್ಲಿಯ ಪ್ರೆಸ್ಸುಗಳಲ್ಲಿ ದುಡಿದು ಓದುವ ಹುಡುಗನಿಗೆ ಈ ಕಥೆ ಗೊತ್ತಿರಲಿ.

ಈಗ ಒಂದು ಮಾತು ಗಮನಿಸಿರಿ. ತಂತಿ ನಿಜವಾಗಿ ಹೋಯಿತೆ? ಇಲ್ಲ. ಪ್ಯಾಡಿನಿಂದ ಗೋಡೆಯ ಪ್ಲಗ್ಗಿನವರೆಗೆ ತಂತಿ ಇದ್ದೇ ಇದೆ. ಹೋದದ್ದು ಕೊನೆಯ ಕೆಲವು ಮಿಲಿಮೀಟರಿನ ತಂತಿ ಮಾತ್ರ. ಕರೆಂಟು ಹೋದರೆ ಎರಡೂ ಒಂದೇ.

ದೂರಕ್ಕೂ ತಂತಿಯಿಲ್ಲದೆ ಕಳಿಸಬಹುದಲ್ಲ ಎಂದು ನೀವು ಕೇಳಬಹುದು. ನಿಕೋಲಾ ಟೆಸ್ಲಾ ಎಂಬ ಮಹಾ ವಿಜ್ಞಾನಿ ಅದೇ ಕನಸು ಕಂಡು 1901ರಲ್ಲಿ ನ್ಯೂಯಾರ್ಕ್ ಹತ್ತಿರ ದೊಡ್ಡ ಗೋಪುರ ಕಟ್ಟಿಸತೊಡಗಿದರು. ಹಣ ಸಾಲಲಿಲ್ಲ, ಕೆಲಸ ಮುಗಿಯಲಿಲ್ಲ. 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಅದೇ ಕಾಲದಲ್ಲಿ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಕಳಿಸಿದರು. ಇಂದು ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳ ವಿದ್ಯುತ್ತೂ ತಂತಿಯ ಮೇಲೆಯೇ ಬರುತ್ತದೆ. ದೂರ ಹೆಚ್ಚಿದಂತೆ ಸುರುಳಿಗಳ ನಡುವಿನ ಹಿಡಿತ ಬೇಗ ಸಡಿಲುತ್ತದೆ. ಆದ್ದರಿಂದಲೇ ಮೊಬೈಲು ಪ್ಯಾಡಿಗೆ ತಾಗಿಯೇ, ಅದೂ ಸರಿಯಾದ ಜಾಗದಲ್ಲಿಯೇ ಇರಬೇಕು. ಸ್ವಲ್ಪ ಸರಿದರೆ ರಾತ್ರಿಯಿಡೀ ಇಟ್ಟದ್ದೂ ವ್ಯರ್ಥ. ಎಲ್ಲಿ ಇಟ್ಟರೂ ಚಾರ್ಜ್ ಆಗುವ ಮ್ಯಾಟ್ ತರುತ್ತೇವೆಂದು ಆ್ಯಪಲ್ ಕಂಪನಿ 2017ರಲ್ಲಿ ಸಾರಿತು, 2019ರಲ್ಲಿ ಕೈಬಿಟ್ಟಿತು. ಈ ತೊಂದರೆ ತಪ್ಪಿಸಲು 2023ರಲ್ಲಿ ಬಂದ ‘ಚೀ-2’ ಎಂಬ ಮಾನದಂಡದಲ್ಲಿ ಆಯಸ್ಕಾಂತ ಕೂಡಿಸಿದ್ದಾರೆ.

ಇನ್ನು ಲೆಕ್ಕ ನೋಡೋಣ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಗಂಟೆ. ತಂತಿಯಲ್ಲಿ ನೂರಕ್ಕೆ 80 ಪಾಲು ಬ್ಯಾಟರಿಗೆ ಮುಟ್ಟುತ್ತದೆ, ಪ್ಯಾಡಿನಲ್ಲಿ 60 ಪಾಲು ಎಂದು ಇಟ್ಟುಕೊಳ್ಳಿ. ಮೊದಲನೆಯದಕ್ಕೆ 24, ಎರಡನೆಯದಕ್ಕೆ 32 ವ್ಯಾಟ್-ಗಂಟೆ ಬೇಕು. ದಿನಕ್ಕೆ 8ರ ವ್ಯತ್ಯಾಸ ವರ್ಷಕ್ಕೆ ಸುಮಾರು 3 ಯೂನಿಟ್ ಆಯಿತು. ಒಂದು ಮನೆಗೆ ಇದು ಭಾರವಲ್ಲ. 75 ವ್ಯಾಟಿನ ಫ್ಯಾನು 40 ತಾಸು ತಿರುಗಿದಷ್ಟು. ಆದರೆ ಒಂದು ಲಕ್ಷ ಮೊಬೈಲಿಗೆ 3 ಲಕ್ಷ ಯೂನಿಟ್! 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಿಗೆ ಬಿಲ್ಲಿನ ಚಿಂತೆ ಇಲ್ಲವಾಯಿತು. ಬಿಲ್ ಬರುವುದಿಲ್ಲವೆಂದು ಹಾಳುಮಾಡಬಹುದೆ? ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವಜೂಗೆ ನೀರು ಹೆಚ್ಚು ಚೆಲ್ಲಬಾರದೆಂದು ಕಲಿತವರು ನಾವು. ಇಸ್ರಾಫ್ ಎಂಬುದು ನೀರಿಗೆ ಮಾತ್ರ ಸೇರಿದ್ದಲ್ಲ.

ಆದರೂ ದೊಡ್ಡ ತೊಂದರೆ ಬಿಲ್ಲಿನದಲ್ಲ, ಬಿಸಿಯದು. ಪ್ಯಾಡಿನಲ್ಲಿ ವ್ಯರ್ಥವಾದ ವಿದ್ಯುತ್ತು ಬಿಸಿಯಾಗಿ ಮೊಬೈಲಿನ ಬೆನ್ನಿಗೇ ತಾಗುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. 35 ಡಿಗ್ರಿಗಿಂತ ಹೆಚ್ಚು ಸೆಕೆಯಲ್ಲಿ ಬಳಸಬೇಡಿ ಎಂದು ದೊಡ್ಡ ಕಂಪನಿಗಳೇ ಹೇಳುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮನೆಯೊಳಗೆ ಎಷ್ಟು ಡಿಗ್ರಿ ಇರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದು ವೇಗ. ಕರೆಂಟು ಹೋಗಿ ಬಂದು ಮಾಡುವ ಹಳ್ಳಿಯಲ್ಲಿ ಸಿಕ್ಕ ಒಂದು ತಾಸಿನಲ್ಲಿ ಮೊಬೈಲ್ ತುಂಬಬೇಕು. ತಂತಿಯ 33 ವ್ಯಾಟಿನ ಚಾರ್ಜರ್ ಬಹುಪಾಲು ತುಂಬಿಸೀತು. ಅಗ್ಗದ 5 ಅಥವಾ 10 ವ್ಯಾಟಿನ ಪ್ಯಾಡಿಗೆ ಅದು ಆಗದು. ಪ್ಯಾಡಿನ ಮೇಲಿನಿಂದ ಎತ್ತಿ ಮಾತಾಡಿದರೆ ಚಾರ್ಜ್ ನಿಂತುಹೋಗುತ್ತದೆ. ಮೇಲಾಗಿ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಕಡಿಮೆ ಬೆಲೆಯ ಮೊಬೈಲುಗಳೊಳಗೆ ಆ ಸುರುಳಿಯೇ ಇರುವುದಿಲ್ಲ. ಮನೆಗೆ ಒಂದೇ ಮೊಬೈಲ್, ಅದರಲ್ಲೇ ಮಗಳ ಪಾಠ, ತಂದೆಯ ವ್ಯಾಪಾರ ಎರಡೂ ನಡೆಯುವಾಗ ಇದು ಸಣ್ಣ ಮಾತಲ್ಲ.

ಹಾಗಾದರೆ ಇದು ಕೆಟ್ಟ ವಸ್ತುವೆ? ಅಲ್ಲ. ನೀರು ತಾಗುವ ವಿದ್ಯುತ್ ಹಲ್ಲುಜ್ಜುವ ಬ್ರಷ್, ಕೈಗಡಿಯಾರ, ಕಿವಿಯ ಇಯರ್‌ಬಡ್ ಇವಕ್ಕೆ ತೂತಿಲ್ಲದ ಚಾರ್ಜಿಂಗ್ ಬಹಳ ಒಳ್ಳೆಯದು. ಕಣ್ಣು ಮಂದವಾದ, ಕೈ ನಡುಗುವ ಅಜ್ಜ-ಅಜ್ಜಿಯರಿಗೆ ಪಿನ್ ಚುಚ್ಚುವ ಕಷ್ಟ ತಪ್ಪುತ್ತದೆ. ಚಾರ್ಜಿಂಗ್ ತೂತು ಕೆಟ್ಟವರಿಗೂ ಆಸರೆ. ಆದರೆ ಮಿಕ್ಸರ್, ಇಸ್ತ್ರಿಪೆಟ್ಟಿಗೆಗೆ ನೂರಾರು ವ್ಯಾಟ್ ಬೇಕು. ಮೊಬೈಲ್ ಪ್ಯಾಡಿನ 15 ವ್ಯಾಟ್ ಎಲ್ಲಿಗೂ ಸಾಲದು. ಅಡುಗೆಮನೆಗೆಂದೇ 2200 ವ್ಯಾಟಿನವರೆಗಿನ ಬೇರೆ ಮಾನದಂಡ ಸಿದ್ಧವಾಗಿದೆ. ಅದಕ್ಕೂ ಕಟ್ಟೆಯ ಕೆಳಗೆ ತಂತಿ ಬೇಕೇ ಬೇಕು.

ಎರಡು ಎಚ್ಚರಿಕೆ. ಮೊಬೈಲು ಮತ್ತು ಪ್ಯಾಡಿನ ನಡುವೆ ನಾಣ್ಯ, ಕೀಲಿಕೈ, ಎಟಿಎಂ ಕಾರ್ಡ್ ಇಡಬೇಡಿ. ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಯಂತೆ ಲೋಹ ಬಿಸಿಯಾಗುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಇದನ್ನು ಎದೆಯಿಂದ ಕನಿಷ್ಠ ಒಂದು ಅಡಿ ದೂರ ಇಡಲಿ, ವೈದ್ಯರನ್ನು ಕೇಳಲಿ.

ವಿದ್ಯಾರ್ಥಿಗಳೇ, ನನ್ನ ಮಾತನ್ನು ಸುಮ್ಮನೆ ನಂಬಬೇಡಿರಿ. ಪ್ಯಾಡ್ ಇರುವ ಗೆಳೆಯರಿದ್ದರೆ ಒಂದು ದಿನ ತಂತಿಯಿಂದ, ಮರುದಿನ ಪ್ಯಾಡಿನಿಂದ, 20 ಪ್ರತಿಶತದಿಂದ ಶುರುಮಾಡಿ ಅರ್ಧ ತಾಸು ಚಾರ್ಜ್ ಮಾಡಿರಿ. ಎಷ್ಟು ಏರಿತು, ಎಷ್ಟು ಬಿಸಿಯಾಯಿತು ಎಂದು ಬರೆದಿಡಿರಿ. ಫ್ಯಾರಡೆ ಮಾಡಿದ್ದೂ ಇಷ್ಟೇ: ನೋಡಿದರು, ಅಳೆದರು, ಬರೆದಿಟ್ಟರು. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿರಿ: ನನ್ನ ಮೊಬೈಲಿಗೆ ಇದು ಹೊಂದುತ್ತದೆಯೆ? ನನ್ನ ಮನೆಯಲ್ಲಿ ಅಷ್ಟು ಹೊತ್ತು ಕರೆಂಟು ಇರುತ್ತದೆಯೆ? ಇದೇ ಹಣಕ್ಕೆ ಒಂದು ಒಳ್ಳೆಯ ಕೇಬಲ್ಲೂ ಪರೀಕ್ಷೆಯ ಪುಸ್ತಕವೂ ಬರುತ್ತವಲ್ಲ?

ಉತ್ತರ ‘ಬೇಕು’ ಎಂದು ಬಂದರೆ ಸಂತೋಷವಾಗಿ ಕೊಳ್ಳಿರಿ. ತಂದೆ-ತಾಯಿಯ ದುಡಿಮೆಯ ಹಣ ಲೆಕ್ಕ ಹಾಕದೆ ಹೋಗದಿದ್ದರೆ ಸಾಕು.

ಅಲ್ಲಾಹನು ನಮಗೆಲ್ಲರಿಗೂ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ.