ಮಾದರಿ ವಿಮಾನದಲ್ಲಿ ಬ್ಯಾಟರಿ ಎಲಿಮಿನೇಟರ್



ಬ್ಯಾಟರಿ ಎಲಿಮಿನೇಟರ್ ಎಂಬ ಹೆಸರು ನಿಮಗೆ ಹೊಸದಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಶುಷ್ಕಕೋಶಗಳ ಬದಲಿಗೆ ಬಳಸುವ ಪೆಟ್ಟಿಗೆ ಅದು. ಮನೆಯ ಕರೆಂಟಿನಿಂದ ಟ್ರಾನ್ಸಿಸ್ಟರ್ ರೇಡಿಯೊ ನುಡಿಸಲು ನಿಮ್ಮ ಹಿರಿಯರು ಬಳಸುತ್ತಿದ್ದುದೂ ಅದನ್ನೇ. ರೇಡಿಯೊ ನಿಯಂತ್ರಿತ ಮಾದರಿ ವಿಮಾನ, ಕಾರು, ದೋಣಿಗಳಲ್ಲಿಯೂ ಇದೇ ಹೆಸರಿನ ಒಂದು ವಿದ್ಯುನ್ಮಂಡಲ ಇರುತ್ತದೆ. ಅದನ್ನು ಚಿಕ್ಕದಾಗಿ ಬಿ.ಇ.ಸಿ. ಎನ್ನುತ್ತಾರೆ. ಇಲ್ಲಿ ಅದು ಗೋಡೆಯ ಕರೆಂಟನ್ನು ಬಳಸುವುದಿಲ್ಲ. ಮಾದರಿಯಲ್ಲಿ ಎರಡನೆಯ ಬ್ಯಾಟರಿ ಹೊರುವ ಅಗತ್ಯವನ್ನು ತಪ್ಪಿಸುತ್ತದೆ.

ವಾಡಿ ಜಂಕ್ಷನ್ನಿನಲ್ಲಿ ನಿಂತ ವಿದ್ಯುತ್ ರೈಲು ಎಂಜಿನ್ನನ್ನು ನೆನಪಿಸಿಕೊಳ್ಳಿ. ಅದು ಮೇಲಿನ ತಂತಿಯಿಂದ ಪಡೆಯುವುದು 25,000 ವೋಲ್ಟ್. ಆದರೆ ಅದರ ನಿಯಂತ್ರಣ ಮಂಡಲಗಳು ನಡೆಯುವುದು 110 ವೋಲ್ಟಿನಲ್ಲಿ. ಮಾದರಿ ವಿಮಾನದಲ್ಲೂ ಹೀಗೆಯೇ. ಮೋಟಾರಿಗೆ ಮೂರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ 11.1 ವೋಲ್ಟ್ ಬೇಕು. ರಿಸೀವರಿಗೂ ರೆಕ್ಕೆ-ಬಾಲ ತಿರುಗಿಸುವ ಸರ್ವೊಗಳಿಗೂ ಸಾಮಾನ್ಯವಾಗಿ 5 ವೋಲ್ಟ್ ಸಾಕು. ಈ ಇಳಿಕೆಯೇ ಬಿ.ಇ.ಸಿ.ಯ ಕೆಲಸ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ರೇಖೀಯ ಬಗೆ. ಪ್ರಯೋಗಾಲಯದ 7805 ಐ.ಸಿ. ಇದೇ ಜಾತಿಯದು. ಹೆಚ್ಚಾದ ವೋಲ್ಟೇಜನ್ನು ಅದು ಶಾಖವಾಗಿ ಹೊರಹಾಕುತ್ತದೆ. ಲೆಕ್ಕ ಹಾಕಿ ನೋಡಿ. 11.1ರಲ್ಲಿ 5 ಕಳೆದರೆ ಉಳಿಯುವುದು 6.1 ವೋಲ್ಟ್. ಸರ್ವೊಗಳು 1 ಆಂಪಿಯರ್ ಸೆಳೆದರೆ 6.1 ವಾಟ್ ಬರಿಯ ಶಾಖ. ಉಪಯೋಗಕ್ಕೆ ಬಂದದ್ದು 5 ವಾಟ್ ಮಾತ್ರ! ಎರಡು ಕೋಶಗಳ 7.4 ವೋಲ್ಟ್ ಬ್ಯಾಟರಿಯಾದರೆ ನಷ್ಟ 2.4 ವಾಟಿಗೆ ಇಳಿಯುತ್ತದೆ. ಆದ್ದರಿಂದ ಸಣ್ಣ ಬ್ಯಾಟರಿ, ಕಡಿಮೆ ಸರ್ವೊಗಳಿರುವ ಮಾದರಿಗೆ ಈ ಬಗೆ ಒಪ್ಪುತ್ತದೆ. ಬೆಲೆಯೂ ಕಡಿಮೆ.

ಎರಡನೆಯದು ಸ್ವಿಚಿಂಗ್ ಬಗೆ. ಇದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಯಗೊಟ್ಟು, ತಡೆಯುತ್ತದೆ. ಚಿಂಚೋಳಿಯ ಕಡೆ ತೊಗರಿ ಒಡೆಯುವ ಬೀಸುಕಲ್ಲನ್ನು ಗಮನಿಸಿ. ಕೈ ನೂಕುವುದು ಬಿಟ್ಟು ಬಿಟ್ಟು. ಭಾರವಾದ ಕಲ್ಲು ತಿರುಗುವುದು ಒಂದೇ ಸಮನೆ. ಇಲ್ಲಿ ತಂತಿಸುರುಳಿಯೇ ಆ ಕಲ್ಲು. ಅದು ಶಕ್ತಿಯನ್ನು ಹಿಡಿದಿಟ್ಟುಕೊಂಡು ಸಮನಾಗಿ ಕೊಡುತ್ತದೆ. ಹೀಗಾಗಿ ಅದೇ 5 ವಾಟ್ ಕೊಡುವಾಗ ನಷ್ಟವಾಗುವುದು ಸುಮಾರು 1 ವಾಟ್ ಮಾತ್ರ. ಒಂದೇ ಕೊರತೆಯೆಂದರೆ, ಇದು ರೇಡಿಯೊ ಗದ್ದಲವನ್ನು ಹುಟ್ಟಿಸಬಲ್ಲದು. ಆದುದರಿಂದ ರಿಸೀವರಿನಿಂದ ಸ್ವಲ್ಪ ದೂರವಿಡಬೇಕು.

ನಮ್ಮ ಭಾಗದಲ್ಲಿ ಈ ಆಯ್ಕೆ ಏಕೆ ಮಹತ್ವದ್ದು? ಸೇಡಂ, ಚಿತ್ತಾಪುರಗಳ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಧ್ಯಾಹ್ನ ಶಹಾಬಾದ್ ಕಲ್ಲಿನ ಅಂಗಳದಲ್ಲಿ ಬರಿಗಾಲಿಡಲಾಗದು. ಅಂಥ ಗಾಳಿಗೆ ಶಾಖ ಬಿಟ್ಟುಕೊಡುವುದು ಕಷ್ಟ. ಮಿತಿಮೀರಿ ಕಾದ ರೇಖೀಯ ಐ.ಸಿ. ತನ್ನನ್ನು ಉಳಿಸಿಕೊಳ್ಳಲು ವಿದ್ಯುತ್ ನಿಲ್ಲಿಸುತ್ತದೆ. ಆಗ ರಿಸೀವರ್ ಮೌನ. ನಿಮ್ಮ ಕೈಯಲ್ಲಿ ಟ್ರಾನ್ಸ್‌ಮಿಟರ್ ಇದ್ದರೂ ವಿಮಾನ ನಿಮ್ಮದಲ್ಲ. ಅದು ಯಾರ ಮೇಲೆ ಬೀಳುವುದೋ ಹೇಳಲಾಗದು.

ಸಾಮಾನ್ಯವಾಗಿ ಬಿ.ಇ.ಸಿ. ಮೋಟಾರಿನ ವೇಗ ನಿಯಂತ್ರಕದೊಳಗೇ ಇರುತ್ತದೆ. ಬ್ಯಾಟರಿ ಕುಗ್ಗಿದಾಗ ಆ ನಿಯಂತ್ರಕ ಮೊದಲು ಮೋಟಾರನ್ನು ನಿಲ್ಲಿಸಿ, ಉಳಿದ ಶಕ್ತಿಯನ್ನು ಸರ್ವೊಗಳಿಗೆ ಮೀಸಲಿಡುತ್ತದೆ. ನೀವು ವಿಮಾನವನ್ನು ತೇಲಿಸಿ ಇಳಿಸಬಹುದು. ‘ಆಪ್ಟೊ’ ಎಂಬ ನಿಯಂತ್ರಕಗಳಲ್ಲಿ ಬಿ.ಇ.ಸಿ. ಇರುವುದಿಲ್ಲ, ಪ್ರತ್ಯೇಕ ಬಿ.ಇ.ಸಿ. ಅಥವಾ ಪುಟ್ಟ ಬ್ಯಾಟರಿ ಜೋಡಿಸಬೇಕು. ಎರಡು ಮೋಟಾರುಗಳಿದ್ದು ಎರಡು ಸ್ವಿಚಿಂಗ್ ಬಿ.ಇ.ಸಿ.ಗಳಿದ್ದರೆ, ಒಂದರ ಕೆಂಪು ತಂತಿಯನ್ನು ರಿಸೀವರಿನಿಂದ ಬಿಡಿಸಿ, ತುದಿಗೆ ಟೇಪು ಸುತ್ತಿ. ಇಲ್ಲವಾದರೆ ಅವು ಒಂದರೊಡನೊಂದು ಸೆಣಸುತ್ತವೆ.

ಹಾರಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಪ್ರೊಪೆಲ್ಲರ್ ಕಳಚಿಟ್ಟು, ಎಲ್ಲ ಸರ್ವೊಗಳನ್ನು ಐದು ನಿಮಿಷ ಬಿಡದೆ ಆಡಿಸಿ, ಮಲ್ಟಿಮೀಟರಿನಲ್ಲಿ 5 ವೋಲ್ಟ್ ಸ್ಥಿರವಾಗಿದೆಯೇ ನೋಡಿ. ಮುಳ್ಳು ಇಳಿದರೆ ಆ ದಿನ ವಿಮಾನ ನೆಲದ ಮೇಲೆಯೇ ಇರಲಿ.